ಒಂದು ಪಿಡಿಎಫ್‌ಗೆ ಸರ್ವರ್ ಮಲಗಬಾರದು: ಫೈಲ್ ಓದುವ ಲೈಬ್ರರಿ ಆರಿಸುವಾಗ ಏನು ನೋಡಬೇಕು

ಜುಲೈ ತಿಂಗಳು. ಶಿರಸಿಯಲ್ಲಿ ಜಡಿಮಳೆ. ಅಡಿಕೆ ಬೆಳೆ ವಿಮೆಗೆ ಅರ್ಜಿ ಕೊಡುವ ಕೊನೆಯ ವಾರ. ನಾನು ಸಾಫ್ಟ್‌ವೇರ್ ನೋಡಿಕೊಳ್ಳುವ ಒಂದು ಸಹಕಾರಿ ಸಂಘದ ಕಾರ್ಯದರ್ಶಿಯವರು ಬೆಳಿಗ್ಗೆ ಹತ್ತೂವರೆಗೆ ಫೋನ್ ಮಾಡಿದರು. "ತಮಾ, ಒಂದೂ ಅರ್ಜಿ ಹೋಗ್ತಾ ಇಲ್ಲೆ. ಮೂವತ್ತು ಜನ ಕೊಡೆ ಹಿಡ್ಕಂಡು ನಿಂತಿದ್ದ."

ಸರ್ವರ್ ಒಳಗೆ ಹೋಗಿ ನೋಡಿದೆ. ಅರ್ಜಿ ತೆಗೆದುಕೊಳ್ಳಲು ನಾಲ್ಕು ವರ್ಕರ್, ಅಂದರೆ ಒಂದು ಸಲಕ್ಕೆ ಒಂದೊಂದು ಅರ್ಜಿ ನೋಡುವ ಪ್ರೋಗ್ರಾಂ, ಇಟ್ಟಿದ್ದೆ. ನಾಲ್ಕೂ ಸಿಪಿಯು ಪೂರ್ತಿ ಹಿಡಿದುಕೊಂಡು ಕೂತಿದ್ದವು. ಲಾಗ್ ತೆಗೆದರೆ ನಾಲ್ಕರ ಕೈಯಲ್ಲೂ ಇದ್ದದ್ದು ಒಂದೇ ಫೈಲು. ಘಟ್ಟದ ಕೆಳಗಿನ ಒಬ್ಬ ಬೆಳೆಗಾರರು ಪಹಣಿ, ಪಾಸ್‌ಬುಕ್ ಎರಡನ್ನೂ ಸ್ಕ್ಯಾನ್ ಮಾಡಿಸಿ ಪಿಡಿಎಫ್ ಮಾಡಿಸಿಕೊಂಡಿದ್ದರು. ಅದನ್ನು ಮೊಬೈಲಿಗೆ ಇಳಿಸಿಕೊಳ್ಳುವಾಗ ಸಿಗ್ನಲ್ ಹೋಗಿತ್ತು. ಇಳಿದದ್ದು ಅರ್ಧ ಫೈಲು. ಅದು ಅರ್ಧ ಅಂತ ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಕಳಿಸಿದರು, ಪುಟ ಸುತ್ತುತ್ತಲೇ ಇತ್ತು. ಇನ್ನೊಮ್ಮೆ ಒತ್ತಿದರು. ಮತ್ತೊಮ್ಮೆ. ನಾಲ್ಕನೇ ಸಲ ಒತ್ತುವ ಹೊತ್ತಿಗೆ ಇಡೀ ಸಂಘದ ಸರ್ವರ್ ಮಲಗಿತ್ತು.

ಯಾರೂ ದಾಳಿ ಮಾಡಿರಲಿಲ್ಲ. ನಾನು ಬಳಸುತ್ತಿದ್ದ ಪಿಡಿಎಫ್ ಓದುವ ಲೈಬ್ರರಿಯ (ಬೇರೆಯವರು ಬರೆದಿಟ್ಟ ಸಿದ್ಧ ಕೋಡು) ಹಳೆಯ ಆವೃತ್ತಿ ಫೈಲಿನ ಕೊನೆ ಹುಡುಕುತ್ತಾ ಒಂದೇ ಕಡೆ ಗಿರಕಿ ಹೊಡೆಯುತ್ತಿತ್ತು. ಹೊಸ ಆವೃತ್ತಿ ಬಂದಿತ್ತು, ನಾನು ಹಾಕಿರಲಿಲ್ಲ. ತಪ್ಪು ನನ್ನದೇ. ಆ ದಿನದಿಂದ ಲೈಬ್ರರಿ ಆರಿಸುವ ನನ್ನ ರೀತಿ ಬದಲಾಯಿತು. ಮೊದಲು "ಇದು ಏನೇನು ಓದುತ್ತದೆ" ಅಂತ ನೋಡುತ್ತಿದ್ದೆ. ಈಗ "ಇದು ಕೆಟ್ಟಾಗ ಹೇಗೆ ಕೆಡುತ್ತದೆ, ಆಗ ಅದನ್ನು ನಾನು ನಿಲ್ಲಿಸಬಹುದಾ" ಅಂತ ನೋಡುತ್ತೇನೆ. ಸಣ್ಣ ತಂಡ, ಒಂದೇ ಸರ್ವರ್, ಸಂಘ ಅಥವಾ ಶಾಲೆ ಅಥವಾ ಅಂಗಡಿಗೆ ಕೆಲಸ ಮಾಡುವವರು, ಇಂಥವರಿಗಾಗಿ ಈ ಹೋಲಿಕೆ ಬರೆಯುತ್ತಿದ್ದೇನೆ.

ಫೈಲು ಹೇಗೆ ಸರ್ವರ್ ನಿಲ್ಲಿಸುತ್ತದೆ

ಇದಕ್ಕೆ ಡಿನಯಲ್ ಆಫ್ ಸರ್ವಿಸ್ ಅನ್ನುತ್ತಾರೆ. ಕದ್ದದ್ದೇನೂ ಇಲ್ಲ, ಒಡೆದದ್ದೂ ಇಲ್ಲ, ಕೆಲಸ ಮಾತ್ರ ನಿಂತಿತು. ದೇವಿಮನೆ ಘಟ್ಟದಲ್ಲಿ ಒಂದು ಲಾರಿ ತಿರುವಿಗೆ ಅಡ್ಡ ನಿಂತರೆ ಮೇಲೆ ಕೆಳಗೆ ಎರಡೂ ಕಡೆ ಬಸ್ಸು, ಕಾರು ಎಲ್ಲ ನಿಲ್ಲುತ್ತವೆ ಅಲ್ವಾ, ಹಾಗೆ.

ಲಾರಿ ಮೂರು ರೀತಿ ಅಡ್ಡ ನಿಲ್ಲಬಹುದು. ಮೊದಲನೆಯದು ಮುಗಿಯದ ಸುತ್ತು. ಇದಕ್ಕೆ ಪೈಪಿಡಿಎಫ್ ಲೈಬ್ರರಿಯಲ್ಲಿದ್ದ ಒಂದು ದೋಷವನ್ನು ಹತ್ತಿರದಿಂದ ತೋರಿಸುತ್ತೇನೆ. ಅದರ ನಂಬರು ಸಿವಿಇ-2023-36464. ಸಿವಿಇ ಅಂದರೆ ಹೊರಬಂದ ಭದ್ರತಾ ದೋಷಕ್ಕೆ ಕೊಡುವ ನಂಬರು. ಪಿಡಿಎಫ್ ಒಳಗೆ ಶೇಕಡಾ ಚಿಹ್ನೆ ಬಂದರೆ ಅಲ್ಲಿಂದ ಸಾಲಿನ ಕೊನೆವರೆಗೂ ಟಿಪ್ಪಣಿ ಅಂತ ಲೆಕ್ಕ. ಕೋಡು ಏನು ಮಾಡುತ್ತಿತ್ತು ಅಂದರೆ, ಒಂದೊಂದೇ ಅಕ್ಷರ ಓದಿ "ಇದು ಸಾಲಿನ ಕೊನೆಯಾ?" ಅಂತ ಕೇಳುತ್ತಿತ್ತು. ಅಲ್ಲ ಅಂದರೆ ಮುಂದಿನದು ಓದುತ್ತಿತ್ತು. ಸರಿ. ಆದರೆ ಸಾಲು ಮುಗಿಯುವ ಮೊದಲೇ ಓದುವ ಸರಕು ಮುಗಿದುಹೋದರೆ? ಆಗ ಓದಿದರೆ ಖಾಲಿ ಸಿಗುತ್ತದೆ. ಖಾಲಿ ಅಂದರೆ ಸಾಲಿನ ಕೊನೆ ಅಲ್ಲ. ಮತ್ತೆ ಓದು. ಮತ್ತೆ ಖಾಲಿ. ಕರೆಂಟು ಹೋಗುವವರೆಗೂ ಇದೇ. ಸರಿಪಡಿಸಲು ಬೇಕಾದದ್ದು ಒಂದು ಸಣ್ಣ ಬದಲಾವಣೆ, ಖಾಲಿ ಸಿಕ್ಕರೆ ಹೊರಗೆ ಬಾ ಅನ್ನುವುದು. 3.9.0 ಆವೃತ್ತಿಯಲ್ಲಿ ಅದು ಬಂತು.

ಎರಡನೆಯದು ಉಬ್ಬುವ ಫೈಲು. ಬರುವಾಗ ಚಿಕ್ಕದು, ಬಿಚ್ಚಿದ ಮೇಲೆ ಮೆಮೊರಿಯನ್ನೆಲ್ಲ ನುಂಗುತ್ತದೆ. ಎಕ್ಸ್‌ಎಂಎಲ್‌ನಲ್ಲಿ (ಮಾಹಿತಿಗೆ ಗುರುತು ಹಚ್ಚಿ ಪಠ್ಯವಾಗಿ ಬರೆದಿಡುವ ರೂಪ) ಒಂದು ಪದಕ್ಕೆ ಅಡ್ಡಹೆಸರು ಕೊಡಬಹುದು. ಆ ಅಡ್ಡಹೆಸರನ್ನು ಹತ್ತು ಸಲ ಬರೆದು ಅದಕ್ಕೆ ಇನ್ನೊಂದು ಅಡ್ಡಹೆಸರು, ಅದನ್ನು ಹತ್ತು ಸಲ ಬರೆದು ಮತ್ತೊಂದು. ಹೀಗೆ ಒಂಬತ್ತು ಮೆಟ್ಟಿಲು ಹತ್ತಿದರೆ ನೂರು ಕೋಟಿ ಪ್ರತಿ. ಒಂದು ಕೆಬಿಗಿಂತ ಚಿಕ್ಕ ಫೈಲು ಬಿಚ್ಚಿದಾಗ ಸುಮಾರು 3 ಜಿಬಿ ಆಗುತ್ತದೆ. ಇದಕ್ಕೆ ಬಿಲಿಯನ್ ಲಾಫ್ಸ್ ಅಂತ ಹೆಸರು. ಜಿಪ್‌ನಲ್ಲೂ ಇದೇ ಕಥೆ. 2019ರಲ್ಲಿ ಡೇವಿಡ್ ಫಿಫೀಲ್ಡ್ ಅನ್ನುವ ಸಂಶೋಧಕರು 42 ಕೆಬಿಯ ಜಿಪ್ ಒಂದನ್ನು ಮಾಡಿ ತೋರಿಸಿದರು. ಬಿಚ್ಚಿದರೆ 5.5 ಜಿಬಿ. ವರ್ಡ್, ಎಕ್ಸೆಲ್ ಫೈಲುಗಳು ಒಳಗಿನಿಂದ ಜಿಪ್ ಕಟ್ಟಿದ ಎಕ್ಸ್‌ಎಂಎಲ್ಲೇ. ಅಂದರೆ ಎರಡೂ ತೊಂದರೆ ಒಂದೇ ಫೈಲಿನಲ್ಲಿ ಬರಬಹುದು. ಪಿಡಿಎಫ್ ಒಳಗಿನ ತುಣುಕುಗಳೂ ಅದೇ ರೀತಿಯ ಸಂಕೋಚನದಲ್ಲಿ ಇರುತ್ತವೆ.

ಮೂರನೆಯದು ಆಳ. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಇನ್ನೊಂದು. ಕೋಡು ಪ್ರತಿ ಪೆಟ್ಟಿಗೆಗೂ ತನ್ನನ್ನೇ ಮತ್ತೆ ಕರೆದುಕೊಳ್ಳುತ್ತಾ ಹೋಗಿ, ಆ ಕರೆಗಳ ಲೆಕ್ಕ ಇಡುವ ಜಾಗ, ಅಂದರೆ ಸ್ಟ್ಯಾಕ್, ಮುಗಿದು ಬೀಳುತ್ತದೆ.

ಮೊದಲು ಆರಿಸಬೇಕಾದದ್ದು: ಎಲ್ಲಿ ಓದಿಸುವುದು

ಎಲ್ಲರೂ ನನ್ನನ್ನು ಕೇಳುವುದು "ಯಾವ ಲೈಬ್ರರಿ ಒಳ್ಳೆಯದು" ಅಂತ. ನಾನು ಮೊದಲು ಕೇಳುವುದು "ಅದನ್ನು ಎಲ್ಲಿ ಓಡಿಸುತ್ತೀರಿ" ಅಂತ. ಒಳ್ಳೆಯ ಲೈಬ್ರರಿಯನ್ನು ತಪ್ಪು ಜಾಗದಲ್ಲಿ ಇಟ್ಟರೆ ಒಂದು ದಿನ ಸರ್ವರ್ ಮಲಗುತ್ತದೆ. ಸಾಧಾರಣ ಲೈಬ್ರರಿಯನ್ನು ಸರಿಯಾದ ಜಾಗದಲ್ಲಿ ಇಟ್ಟರೆ ಒಂದು ಫೈಲು ಮಾತ್ರ ವಾಪಸ್ ಹೋಗುತ್ತದೆ. ನಿಮಗೆ ಸಮಯ ಇರುವುದು ಒಂದೇ ಕೆಲಸಕ್ಕಾದರೆ ಈ ಭಾಗಕ್ಕೆ ಕೊಡಿ.

ಜಾಸ್ತಿ ಜನ ಮಾಡುವುದು, ನಾನೂ ಮಾಡಿದ್ದು, ವೆಬ್ ಅಪ್ಲಿಕೇಶನ್ ಒಳಗೇ ಓದಿಸುವುದು. ಬರೆಯಲು ಸುಲಭ, ಎರಡು ಸಾಲು ಕೋಡು. ಆದರೆ ಲೈಬ್ರರಿ ಗಿರಕಿ ಹೊಡೆಯಲು ಶುರು ಮಾಡಿದರೆ ಹೊರಗಿನಿಂದ ಅದನ್ನು ತಡೆಯಲು ಆಗುವುದಿಲ್ಲ. ಪೈಥಾನ್‌ನಲ್ಲಿ ಒಂದು ಥ್ರೆಡ್ಡನ್ನು (ಪ್ರೋಗ್ರಾಂ ಒಳಗೆ ನಡೆಯುವ ಕೆಲಸದ ಒಂದು ಎಳೆ) ಹೊರಗಿನಿಂದ ಕೊಲ್ಲಲು ದಾರಿ ಇಲ್ಲ. ಜಾವಾದಲ್ಲೂ ಇಲ್ಲ. ಅಲ್ಲಿದ್ದ ಹಳೆಯ ಸ್ಟಾಪ್ ಮೆಥಡ್ ಜಾವಾ 20ರಿಂದ ಕರೆದರೆ ಎರರ್ ಕೊಡುತ್ತದೆ, ಅಷ್ಟೇ. ಕೆಲವರು ಪೈಥಾನ್‌ನಲ್ಲಿ ಅಲಾರ್ಮ್ ಸಿಗ್ನಲ್ ಇಟ್ಟು "ಹತ್ತು ಸೆಕೆಂಡಾದರೆ ನಿಲ್ಲಿಸು" ಅನ್ನುತ್ತಾರೆ. ಶುದ್ಧ ಪೈಥಾನ್ ಕೋಡು ಸುತ್ತುತ್ತಿದ್ದರೆ ಅದು ನಡೆಯುತ್ತದೆ. ಸುತ್ತು ಇರುವುದು ಒಳಗಿನ ಸಿ ಕೋಡಿನಲ್ಲಾದರೆ ಅಲಾರ್ಮ್ ಕೇಳಿಸಿಕೊಳ್ಳುವವರೇ ಇಲ್ಲ. ಮೆಮೊರಿ ಉಬ್ಬಿದರೆ ಇನ್ನೂ ಕಷ್ಟ. ಲಿನಕ್ಸ್ ಆಗ ಯಾವುದನ್ನು ಕೊಲ್ಲಬೇಕು ಅಂತ ತಾನೇ ಆರಿಸುತ್ತದೆ. ಕೆಲವು ಸಲ ಅದು ನಿಮ್ಮ ಡೇಟಾಬೇಸೇ ಆಗಿರುತ್ತದೆ.

ಎರಡನೆಯ ದಾರಿ, ಫೈಲ್ ಓದುವುದನ್ನು ಬೇರೆ ಪ್ರೋಸೆಸ್, ಅಂದರೆ ಪ್ರತ್ಯೇಕವಾಗಿ ಓಡುವ ಪ್ರೋಗ್ರಾಂ, ಮಾಡುವುದು. ವೆಬ್ ಭಾಗ ಫೈಲನ್ನು ಡಿಸ್ಕಿಗೆ ಬರೆದು ಸರದಿಯಲ್ಲಿ ಇಡುತ್ತದೆ. ಇನ್ನೊಂದು ಪುಟ್ಟ ಪ್ರೋಗ್ರಾಂ ಒಂದೊಂದೇ ಫೈಲು ಎತ್ತಿಕೊಂಡು ಓದಿ, ಉತ್ತರ ಬರೆದು, ಸಾಯುತ್ತದೆ. ಅದರ ಮೇಲೆ ಎರಡು ಬೇಲಿ. ಒಂದು ಸಮಯದ್ದು, ಲಿನಕ್ಸಿನ ಟೈಮ್‌ಔಟ್ ಕಮಾಂಡು ಸಾಕು. ಇನ್ನೊಂದು ಮೆಮೊರಿಯದ್ದು, ಯುಲಿಮಿಟ್ ಕಮಾಂಡು ಅಥವಾ ಸಿಸ್ಟಂಡಿಯ (ಲಿನಕ್ಸಿನಲ್ಲಿ ಸೇವೆಗಳನ್ನು ನಡೆಸುವ ವ್ಯವಸ್ಥೆ) ಮೆಮೊರಿಮ್ಯಾಕ್ಸ್. ನನ್ನ ಲೆಕ್ಕ ಒಂದು ಫೈಲಿಗೆ 20 ಸೆಕೆಂಡು, 512 ಎಂಬಿ. ನಮ್ಮಲ್ಲಿ ಬರುವ ಪಹಣಿ, ಪಾಸ್‌ಬುಕ್ಕಿಗೆ ಎರಡು ಸೆಕೆಂಡೂ ಬೇಡ, ಆದ್ದರಿಂದ ಇದು ಧಾರಾಳ. ಜಾವಾ ಬಳಸುವವರು ಇಲ್ಲಿ ಒಂದು ಗಮನಿಸಬೇಕು. ಜಾವಾ ಪ್ರೋಗ್ರಾಂ ಓಡಿಸುವ ಜೆವಿಎಂ ಶುರುವಾಗುವಾಗಲೇ ವರ್ಚುವಲ್ ಮೆಮೊರಿಯನ್ನು ದೊಡ್ಡದಾಗಿ ಕಾದಿರಿಸುತ್ತದೆ. ಯುಲಿಮಿಟ್ ಬಿಗಿ ಮಾಡಿದರೆ ಅದು ಏಳುವುದೇ ಇಲ್ಲ. ಅಲ್ಲಿ ಜೆವಿಎಂ ಒಳಗಿನ ಮೆಮೊರಿಗೆ, ಅಂದರೆ ಹೀಪ್‌ಗೆ, ಮಿತಿ ಹಾಕಿ, ಹೊರಗಿನಿಂದ ಸಿಸ್ಟಂಡಿಯ ಮಿತಿ ಕೊಡಿ.

ಸಮಯದ ಬೇಲಿ ಹಾಕುವಾಗ ಇನ್ನೊಂದು ಸಣ್ಣ ವಿಷಯ. ಟೈಮ್‌ಔಟ್ ಮೊದಲು ಮರ್ಯಾದೆಯಿಂದ ನಿಲ್ಲು ಅನ್ನುತ್ತದೆ. ಕೇಳದಿದ್ದರೆ ಕೊಂದೇಬಿಡು ಅನ್ನುವ ಆಯ್ಕೆ ಬೇರೆ ಇದೆ. ಅದನ್ನೂ ಹಾಕಿ.

ಮೂರನೆಯದು ಕಂಟೇನರ್ (ಉಳಿದವುಗಳಿಂದ ಬೇರ್ಪಡಿಸಿ ಪ್ರೋಗ್ರಾಂ ಓಡಿಸುವ ಪೆಟ್ಟಿಗೆ) ಅಥವಾ ಬೇರೆ ಯಂತ್ರ. ಎರಡನೆಯದರ ಬೇಲಿಗಳೇ ಇಲ್ಲೂ ಇರುತ್ತವೆ, ಜೊತೆಗೆ ನೆಟ್‌ವರ್ಕ್ ಕೂಡ ಕತ್ತರಿಸಬಹುದು. ಗೊತ್ತಿಲ್ಲದ ಜನರಿಂದ ದಿನಕ್ಕೆ ಸಾವಿರಾರು ಫೈಲು ಬರುವ ಕಡೆ ಇದು ಬೇಕು. ಸಂಘದ ಮಟ್ಟಕ್ಕೆ ಎರಡನೆಯದೇ ಸಾಕಾಗುತ್ತದೆ ಅಂತ ನನ್ನ ಅನುಭವ.

ನಾಲ್ಕನೆಯ ದಾರಿ ಜನ ಯೋಚಿಸುವುದೇ ಇಲ್ಲ. ಓದಿಸದೇ ಇರುವುದು. ಆ ಜುಲೈ ಆದ ಮೇಲೆ ನಾನು ಕೂತು ಪಟ್ಟಿ ಮಾಡಿದೆ, ಎಲ್ಲೆಲ್ಲಿ ಪಿಡಿಎಫ್ ಬಿಚ್ಚುತ್ತಿದ್ದೇನೆ ಅಂತ. ವಿಮೆ ಅರ್ಜಿಯಲ್ಲಿ ಪುಟ ಎಣಿಸಲು ಮಾತ್ರ ಬಿಚ್ಚುತ್ತಿದ್ದೆ. ಯಾಕೆ? ಯಾರೋ ಒಮ್ಮೆ "ಪುಟ ಎಷ್ಟು ಅಂತ ಕಂಡರೆ ಚೆನ್ನ" ಅಂದಿದ್ದರು. ಸಾಲದ ಅರ್ಜಿಯಲ್ಲಿ ಒಳಗಿನ ಪಠ್ಯ ತೆಗೆದು ಹುಡುಕಲು ಇಡುತ್ತಿದ್ದೆ. ತೆಗೆದ ಪಠ್ಯ ನೋಡಿದರೆ, ಅರ್ಧಕ್ಕರ್ಧ ಮೊಬೈಲ್ ಫೋಟೋ, ಅದರಲ್ಲಿ ಪಠ್ಯವೇ ಇಲ್ಲ. ಉಳಿದದ್ದರಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದವು ಬೇಕಾದಷ್ಟು. ಆ ಫೈಲುಗಳಿಂದ ಪಠ್ಯ ತೆಗೆದರೆ ಕನ್ನಡ ಬರುವುದಿಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಬರುತ್ತದೆ. ಯೂನಿಕೋಡ್‌ಗೆ ಬದಲಾಯಿಸದ ಹೊರತು ಹುಡುಕಾಟಕ್ಕೆ ಅದು ಪ್ರಯೋಜನವಿಲ್ಲ. ಯಾರಿಗೂ ಬೇಡದ ಪಠ್ಯಕ್ಕಾಗಿ ನಾನು ಅಷ್ಟು ದಿನ ಆ ಅಪಾಯ ಹೊತ್ತುಕೊಂಡಿದ್ದೆ. ಈಗ ಆ ಎರಡೂ ಕಡೆ ಫೈಲನ್ನು ಹಾಗೇ ಇಡುತ್ತೇನೆ. ಗುಮಾಸ್ತರು ಬ್ರೌಸರಿನಲ್ಲಿ ತೆರೆದು ನೋಡುತ್ತಾರೆ. ಕೆಟ್ಟ ಫೈಲಾದರೆ ಅವರ ಒಂದು ಟ್ಯಾಬ್ ನಿಲ್ಲುತ್ತದೆ, ಸಂಘ ನಿಲ್ಲುವುದಿಲ್ಲ.

ಪಿಡಿಎಫ್ ಓದಲೇಬೇಕು ಅಂದರೆ

ಪೈಪಿಡಿಎಫ್ ಶುದ್ಧ ಪೈಥಾನ್. ಹಾಕುವುದು ಸುಲಭ, ಲೈಸೆನ್ಸ್ ತಲೆಬಿಸಿ ಇಲ್ಲ. ಸಿ ಕೋಡಿನಂತೆ ಮೆಮೊರಿ ಮೇಲೆ ಬೇರೆಯವರು ಬರೆದುಬಿಡುವ ಭಯವೂ ಇಲ್ಲ. ಅದು ಕೆಡುವ ರೀತಿ ಅಂದರೆ ನೇತುಬೀಳುವುದು ಅಥವಾ ಮೆಮೊರಿ ತಿನ್ನುವುದು. 2025ರಲ್ಲಿ ಬಂದ 6.0.0 ಆವೃತ್ತಿ ಒಳಗಿನ ತುಣುಕುಗಳನ್ನು ಬಿಚ್ಚುವಾಗ ಎಷ್ಟು ಉಬ್ಬಬಹುದು ಅನ್ನುವುದಕ್ಕೆ ಮಿತಿ ಹಾಕಿತು. ಇದನ್ನು ನೋಡಿಕೊಳ್ಳುವವರು ದೋಷ ಹೇಳಿದರೆ ಬೇಗ ಸರಿಪಡಿಸುತ್ತಾರೆ, ಅದನ್ನು ಮುಚ್ಚಿಡುವುದೂ ಇಲ್ಲ. ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ನಿಮ್ಮ ಪಟ್ಟಿಯಲ್ಲಿ ಇನ್ನೂ ಪೈಪಿಡಿಎಫ್2 ಅನ್ನುವ ಹಳೆಯ ಹೆಸರು ಇದ್ದರೆ ಇವತ್ತೇ ಬದಲಿಸಿ. ಆ ಹೆಸರಿನಲ್ಲಿ ಬರುವ ಆವೃತ್ತಿ 3.0.1ಕ್ಕೆ ನಿಂತುಹೋಗಿದೆ. ಮೇಲೆ ಹೇಳಿದ ಶೇಕಡಾ ಚಿಹ್ನೆಯ ದೋಷ ಅದರಲ್ಲಿ ಹಾಗೇ ಇದೆ. ಹಳೆಯ ಪಾಠಗಳನ್ನು ನೋಡಿ ಕಲಿತವರ ಕೋಡಿನಲ್ಲಿ ಈಗಲೂ ಆ ಹೆಸರು ಕಾಣುತ್ತೇನೆ.

ಪಾಪ್ಲರ್ ಇನ್ನೊಂದು ತುದಿ. 2005ರಲ್ಲಿ ಎಕ್ಸ್‌ಪಿಡಿಎಫ್‌ನಿಂದ ಕವಲೊಡೆದದ್ದು, ಸಿ++ನಲ್ಲಿ ಬರೆದದ್ದು, ಲಿನಕ್ಸಿನಲ್ಲಿ ಪಿಡಿಎಫ್ ತೆರೆಯುವ ಎಷ್ಟೋ ಪ್ರೋಗ್ರಾಂಗಳ ಬೆನ್ನೆಲುಬು. ಅದರ ಪಿಡಿಎಫ್‌ಟುಟೆಕ್ಸ್ಟ್ ಕಮಾಂಡು ನನಗೆ ಇಷ್ಟ. ಯಾಕೆಂದರೆ ಅದು ಹುಟ್ಟಿನಿಂದಲೇ ಬೇರೆ ಪ್ರೋಸೆಸ್. ಟೈಮ್‌ಔಟ್ ಮುಂದೆ ಇಟ್ಟರೆ ಬೇಲಿ ಆಯಿತು. ಮೊದಲ ಐದು ಪುಟ ಮಾತ್ರ ಓದು ಅಂತಲೂ ಹೇಳಬಹುದು. ವೇಗ ಪೈಪಿಡಿಎಫ್‌ಗಿಂತ ತುಂಬಾ ಜಾಸ್ತಿ. ಅದು ಕೆಡುವ ರೀತಿ ಬೇರೆ, ಸಾಮಾನ್ಯವಾಗಿ ಪಟ್ ಅಂತ ಬಿದ್ದು ಸಾಯುತ್ತದೆ. ಬೇರೆ ಪ್ರೋಸೆಸ್‌ನಲ್ಲಿ ಅದು ಬಿದ್ದರೆ ನನಗೆ ನಷ್ಟವಿಲ್ಲ. ಆದರೆ ಇಂಥದ್ದೇ ಸಿ++ ಕೋಡನ್ನು ಬೈಂಡಿಂಗ್ (ಬೇರೆ ಭಾಷೆಯ ಕೋಡಿಗೆ ಹಾಕುವ ಸೇತುವೆ) ಮೂಲಕ ವೆಬ್ ಅಪ್ಲಿಕೇಶನ್ ಒಳಗೆ ಎಳೆದುಕೊಂಡರೆ ಅದು ಬೀಳುವಾಗ ವರ್ಕರನ್ನೂ ಎಳೆದುಕೊಂಡು ಬೀಳುತ್ತದೆ. ಜೊತೆಗೆ ಸಿ++ನ ಮೆಮೊರಿ ದೋಷಗಳು ಬರೀ ಸರ್ವರ್ ನಿಲ್ಲಿಸುವಲ್ಲಿಗೆ ಮುಗಿಯದೆ ಒಳಗೆ ನುಗ್ಗುವ ದಾರಿಯೂ ಆಗಬಹುದು. ಆದ್ದರಿಂದ ಅದನ್ನು ಬೇರೆ, ಕಡಿಮೆ ಅಧಿಕಾರದ ಬಳಕೆದಾರನ ಹೆಸರಿನಲ್ಲಿ ಓಡಿಸಿ.

ಮ್ಯುಪಿಡಿಎಫ್ ಬಗ್ಗೆಯೂ ಇದೇ ಮಾತು, ಬಲು ಚುರುಕು, ಸಿ ಭಾಷೆ. ಅದರ ಲೈಸೆನ್ಸ್ ಎಜಿಪಿಎಲ್, ಅಂದರೆ ಬಳಸುವವರು ತಮ್ಮ ಕೋಡನ್ನೂ ತೆರೆದಿಡಬೇಕು ಅನ್ನುವಂಥದ್ದು. ನಿಮ್ಮ ಕೋಡು ಮುಚ್ಚಿದ್ದಾದರೆ ಹಣ ಕೊಟ್ಟು ಬೇರೆ ಲೈಸೆನ್ಸ್ ತೆಗೆದುಕೊಳ್ಳಬೇಕು. ಪಿಡಿಎಫ್‌ಮೈನರ್ ಸಿಕ್ಸ್ ಪುಟದ ವಿನ್ಯಾಸ ಚೆನ್ನಾಗಿ ಹಿಡಿಯುತ್ತದೆ, ನಿಧಾನ. ಸಮಯದ ಬೇಲಿಯನ್ನು ಸ್ವಲ್ಪ ಸಡಿಲ ಇಡಬೇಕಾಗುತ್ತದೆ.

ಜಾವಾ ಕಡೆ ಅಪಾಚೆ ಪಿಡಿಎಫ್‌ಬಾಕ್ಸ್. ಗಟ್ಟಿ ಲೈಬ್ರರಿ, ವರ್ಷಗಳಿಂದ ನಂಬಿಕೊಂಡಿರುವವರು ತುಂಬಾ ಜನ. 2021ರಲ್ಲಿ ಅದರಲ್ಲಿ ನಾಲ್ಕು ದೋಷ ಹೊರಬಂದವು. ಫೈಲು ತೆರೆಯುವಾಗಲೇ ಮುಗಿಯದ ಸುತ್ತು, ಫೈಲು ತೆರೆಯುವಾಗಲೇ ಮೆಮೊರಿ ಖಾಲಿ. ಮೊದಲ ಜೋಡಿ 2.0.23ರಲ್ಲಿ, ಎರಡನೆಯ ಜೋಡಿ 2.0.24ರಲ್ಲಿ ಸರಿಯಾದವು. ಜಾವಾದ ಒಂದು ಗುಣ ಇಲ್ಲಿ ನೋಡಬೇಕು. ಒಂದು ಫೈಲಿಗಾಗಿ ಮೆಮೊರಿ ಮುಗಿದರೆ ಅದೇ ಜೆವಿಎಂನಲ್ಲಿರುವ ಎಲ್ಲ ಕೆಲಸಕ್ಕೂ ಮುಗಿಯಿತು. ಪಕ್ಕದಲ್ಲಿ ರಸೀದಿ ಮಾಡುತ್ತಿದ್ದ ಭಾಗಕ್ಕೂ ಉಸಿರು ಕಟ್ಟುತ್ತದೆ. ಹಾಗಾಗಿ ಪಿಡಿಎಫ್‌ಬಾಕ್ಸನ್ನು ಮುಖ್ಯ ಅಪ್ಲಿಕೇಶನ್‌ನಿಂದ ಬೇರೆ ಜೆವಿಎಂನಲ್ಲಿ ಇಡುವುದು ಒಳ್ಳೆಯದು. ಓದಿದ್ದನ್ನು ಮೆಮೊರಿ ಬದಲು ತಾತ್ಕಾಲಿಕ ಫೈಲಿಗೆ ಬರೆಯುವ ಸೌಲಭ್ಯವೂ ಅದರಲ್ಲಿದೆ. ಬಳಸಿಕೊಳ್ಳಿ.

ಎಕ್ಸೆಲ್ ಮತ್ತು ವರ್ಡ್

ಎಪಿಎಂಸಿ ಯಾರ್ಡಿನ ವ್ಯಾಪಾರಿಗಳು ಕಳಿಸುವುದು ಎಕ್ಸೆಲ್ಲೇ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಂತ ಕಾಲಂ, ದಿನಕ್ಕೊಂದು ಸಾಲು. ಇಲ್ಲಿ ಎರಡು ಲೈಬ್ರರಿಗಳ ನಡುವೆ ನನಗೆ ಸ್ಪಷ್ಟ ಅಭಿಪ್ರಾಯ ಇದೆ.

ಜಾವಾದ ಅಪಾಚೆ ಪಿಓಐ ತಾನಾಗಿಯೇ ಕಾವಲು ಇಟ್ಟುಕೊಂಡು ಬರುತ್ತದೆ. ಜಿಪ್ ಒಳಗಿನ ಯಾವುದೇ ತುಣುಕು ನೂರು ಪಟ್ಟಿಗಿಂತ ಜಾಸ್ತಿ ಉಬ್ಬಿದರೆ ಜಿಪ್ ಬಾಂಬ್ ಅಂತ ಕೂಗಿ ನಿಲ್ಲಿಸುತ್ತದೆ. ಇದನ್ನು ಕಷ್ಟಪಟ್ಟು ಕಲಿತು ಸೇರಿಸಿದ್ದಾರೆ. 2014 ಮತ್ತು 2017ರಲ್ಲಿ ಎಕ್ಸ್‌ಎಂಎಲ್ ಉಬ್ಬುವ ದೋಷಗಳು ಅದರಲ್ಲೂ ಸಿಕ್ಕಿದ್ದವು. ತೊಂದರೆ ಅಂದರೆ ಒಳ್ಳೆಯ ಫೈಲೂ ಕೆಲವು ಸಲ ಈ ಕಾವಲಿಗೆ ಸಿಕ್ಕಿಬೀಳುತ್ತದೆ. ಒಬ್ಬರು ಇಡೀ ಹಾಳೆಗೆ ಗೆರೆ ಎಳೆದು, ಬಣ್ಣ ಹಚ್ಚಿ ಕಳಿಸಿದ್ದರು. ಎಕ್ಸೆಲ್ ಹಾಳೆಯಲ್ಲಿ 10,48,576 ಸಾಲು. ಡೇಟಾ ಇದ್ದದ್ದು ಇನ್ನೂರು ಸಾಲಿನಲ್ಲಿ, ಉಳಿದದ್ದೆಲ್ಲ ಬಣ್ಣ ಹಚ್ಚಿದ ಖಾಲಿ. ಒಂದೇ ಥರದ್ದು ಲಕ್ಷಗಟ್ಟಲೆ ಇದ್ದರೆ ಚೆನ್ನಾಗಿ ಒತ್ತಿಕೊಳ್ಳುತ್ತದೆ, ಬಿಚ್ಚಿದರೆ ನೂರು ಪಟ್ಟು ದಾಟುತ್ತದೆ. ಇಂಥ ಎರರ್ ಬಂದಾಗ "ಮಿತಿಯನ್ನು ಸೊನ್ನೆ ಮಾಡಿ" ಅಂತ ಸಲಹೆ ಸಿಗುತ್ತದೆ. ದಯವಿಟ್ಟು ಮಾಡಬೇಡಿ. ಸೊನ್ನೆ ಅಂದರೆ ಕಾವಲನ್ನೇ ಮನೆಗೆ ಕಳಿಸಿದ ಹಾಗೆ. ಬೇಕಾದರೆ ಇನ್ನೂರು ಪಟ್ಟಿಗೆ ಸಡಿಲಿಸಿ. ನಾನು ಅದನ್ನೂ ಮಾಡಲಿಲ್ಲ. ಕಳಿಸಿದವರಿಗೆ ಫೋನ್ ಮಾಡಿ ಖಾಲಿ ಸಾಲುಗಳನ್ನು ಅಳಿಸಲು ಹೇಳಿದೆ. ಎರಡು ನಿಮಿಷದ ಕೆಲಸ, ಅವರ ಫೈಲೂ ಚಿಕ್ಕದಾಯಿತು.

ಪೈಥಾನ್‌ನ ಓಪನ್‌ಪೈಎಕ್ಸ್‌ಎಲ್ ತನ್ನ ದಾಖಲೆಯಲ್ಲೇ ನೇರವಾಗಿ ಹೇಳುತ್ತದೆ, ಎಕ್ಸ್‌ಎಂಎಲ್ ಉಬ್ಬಿಸುವ ದಾಳಿಗಳಿಂದ ತಾನಾಗಿ ಕಾಪಾಡುವುದಿಲ್ಲ, ಅದನ್ನು ತಡೆಯುವ ಡಿಫ್ಯೂಸ್ಡ್‌ಎಕ್ಸ್‌ಎಂಎಲ್ ಲೈಬ್ರರಿ ಹಾಕಿಕೊಳ್ಳಿ ಅಂತ. ಆ ಸಾಲು ಓದದೆ ಹಾಕಿಕೊಂಡವರೇ ಜಾಸ್ತಿ. ಹಾಕಿಕೊಳ್ಳುವುದು ಒಂದು ಕಮಾಂಡು. ಜೊತೆಗೆ ಓದಲು ಮಾತ್ರ ತೆರೆಯುವ ವಿಧಾನ ಬಳಸಿದರೆ ಸಾಲು ಸಾಲಾಗಿ ಓದುತ್ತದೆ, ಇಡೀ ಹಾಳೆ ಮೆಮೊರಿಗೆ ಬರುವುದಿಲ್ಲ. ಓದುವ ಸಾಲುಗಳಿಗೆ ನಿಮ್ಮದೇ ಒಂದು ಮಿತಿ ಇಡಿ. ನನ್ನದು 5,000. ಗೊತ್ತಿರುವವರಿಂದಲೇ ಫೈಲು ಬರುವ ಕಡೆ ನಾನು ಇದನ್ನೇ ಬಳಸುತ್ತೇನೆ. ಯಾರು ಬೇಕಾದರೂ ಕಳಿಸಬಹುದು ಅನ್ನುವ ಕಡೆ, ಜಾವಾ ಬರುವವರಿದ್ದರೆ, ಪಿಓಐ ಮೇಲು.

ಬರೀ ಎಕ್ಸ್‌ಎಂಎಲ್ ಓದುವವರಿಗೆ ಎರಡೇ ಮಾತು. ಬಳಸುವುದು ಎಕ್ಸ್‌ಪ್ಯಾಟ್ ಲೈಬ್ರರಿ ಆದರೆ 2.4.0 ಅಥವಾ ಹೊಸದಿರಲಿ. 2021ರ ಆ ಆವೃತ್ತಿಯಲ್ಲಿ ಬಿಲಿಯನ್ ಲಾಫ್ಸ್‌ಗೆ ತಡೆ ಬಂತು. ಒಳಬಂದದ್ದು ನೂರು ಪಟ್ಟು ದಾಟಿ ಉಬ್ಬಿದರೆ ನಿಲ್ಲಿಸುತ್ತದೆ. 2024ರ 2.6.0 ಇನ್ನೂ ಒಳ್ಳೆಯದು, ಉದ್ದನೆಯ ಒಂದೇ ತುಣುಕನ್ನು ಮತ್ತೆ ಮತ್ತೆ ಮೊದಲಿನಿಂದ ಓದಿ ಸಮಯ ಹಾಳು ಮಾಡುವ ದೋಷ ಅದರಲ್ಲಿ ಹೋಯಿತು. ಲಿಬ್‌ಎಕ್ಸ್‌ಎಂಎಲ್2 ಆದರೆ ದೊಡ್ಡ ಫೈಲಿಗೆ ಅಂತ ಇರುವ "ಹ್ಯೂಜ್" ಆಯ್ಕೆಯನ್ನು ಆನ್ ಮಾಡಬೇಡಿ. ಅದನ್ನು ಆನ್ ಮಾಡಿದರೆ ಒಳಗಿನ ಮಿತಿಗಳು ಸಡಿಲವಾಗುತ್ತವೆ.

ಟೀಕಾ: ಎಲ್ಲವನ್ನೂ ಓದುವವನು

ಅಪಾಚೆ ಟೀಕಾ ಸಾವಿರಕ್ಕೂ ಜಾಸ್ತಿ ಬಗೆಯ ಫೈಲು ಗುರುತಿಸುತ್ತದೆ. ಒಳಗೆ ಪಿಡಿಎಫ್‌ಬಾಕ್ಸ್, ಪಿಓಐ ಎಲ್ಲ ಇವೆ. ಏನು ಬಂದರೂ ಒಂದೇ ಬಾಗಿಲು, ತುಂಬಾ ಅನುಕೂಲ. ಆದರೆ ಒಳಗೆ ಸಾವಿರ ಕಿಟಕಿ. 2018ರಲ್ಲಿ ಅದರಲ್ಲಿ ಸಿಕ್ಕ ಮುಗಿಯದ ಸುತ್ತುಗಳು ಇದ್ದದ್ದು ಹಳೆಯ ಹೆಲ್ಪ್ ಫೈಲು, ಬಿಪಿಜಿ ಚಿತ್ರ, ಸುದ್ದಿ ಸಂಸ್ಥೆಗಳ ಫೈಲು ಓದುವ ಭಾಗಗಳಲ್ಲಿ. ನಮ್ಮ ಶಿರಸಿಯ ಸಂಘಕ್ಕೆ ಇವು ಯಾವತ್ತೂ ಬರುವುದಿಲ್ಲ. ಆದರೆ ಬೇಕಂತಲೇ ಯಾರಾದರೂ ಕಳಿಸಿದರೆ ಟೀಕಾ ಪಾಪ ಗುರುತಿಸಿ ತೆರೆಯುತ್ತದೆ.

ಟೀಕಾ ತಂಡದ ಒಂದು ವಿಷಯಕ್ಕೆ ನನಗೆ ಗೌರವ ಇದೆ. ತಮ್ಮ ಲೈಬ್ರರಿ ನೇತುಬೀಳಬಹುದು, ಮೆಮೊರಿ ತಿನ್ನಬಹುದು ಅಂತ ಒಪ್ಪಿಕೊಂಡು ಅದಕ್ಕೆ ತಕ್ಕ ಹಾಗೆ ಕಟ್ಟಿದ್ದಾರೆ. ಟೀಕಾ ಸರ್ವರ್ 2ನೇ ಆವೃತ್ತಿಯಿಂದ ತಾನಾಗಿಯೇ ಓದುವ ಕೆಲಸವನ್ನು ಮಗು ಪ್ರೋಸೆಸ್‌ಗೆ ಕೊಡುತ್ತದೆ. ಅದು ಹೊತ್ತು ಮೀರಿದರೆ ಅಥವಾ ಮೆಮೊರಿ ಮುಗಿದರೆ ಕೊಂದು ಹೊಸದು ಹುಟ್ಟಿಸುತ್ತದೆ. ಹತ್ತಾರು ಬಗೆಯ ಫೈಲು ಬರುವ ಕಚೇರಿ ಆದರೆ, ಕಾರವಾರದ ಜಿಲ್ಲಾ ಮಟ್ಟದ ಕಚೇರಿಗಳಿಗೆ ಸಾಫ್ಟ್‌ವೇರ್ ಮಾಡುವವರಾದರೆ, ಟೀಕಾ ಸರ್ವರ್ ಸರಿಯಾದ ಆಯ್ಕೆ. ಬೇಡದ ಪಾರ್ಸರ್‌ಗಳನ್ನು (ಒಂದೊಂದು ಬಗೆಯ ಫೈಲು ಓದುವ ಭಾಗಗಳು) ಮಾತ್ರ ಆಫ್ ಮಾಡಿ. ಬರುವುದು ಪಿಡಿಎಫ್ ಒಂದೇ ಆದರೆ ಟೀಕಾ ಬೇಡ.

ದೋಷಗಳ ಪಟ್ಟಿ ಓದುವ ಬಗೆ

ಎರಡು ಲೈಬ್ರರಿ ಪಕ್ಕ ಪಕ್ಕ ಇಟ್ಟು "ಇದರಲ್ಲಿ ಹನ್ನೆರಡು ಸಿವಿಇ, ಅದರಲ್ಲಿ ಎರಡೇ, ಹಾಗಾದರೆ ಎರಡರದ್ದೇ ಒಳ್ಳೆಯದು" ಅನ್ನುವ ಲೆಕ್ಕ ತಪ್ಪು. ಹುಡುಕಿದಲ್ಲಿ ಸಿಗುತ್ತದೆ. ಗೂಗಲ್ 2016ರಲ್ಲಿ ಓಎಸ್‌ಎಸ್-ಫಜ್ ಶುರು ಮಾಡಿತು. ಅದು ಓಪನ್ ಸೋರ್ಸ್ ಲೈಬ್ರರಿಗಳಿಗೆ ಹಗಲು ರಾತ್ರಿ ಕೆಟ್ಟ ಫೈಲು ತಿನ್ನಿಸಿ ಎಲ್ಲಿ ಬೀಳುತ್ತದೆ ನೋಡುತ್ತದೆ. ಅಲ್ಲಿರುವ ಲೈಬ್ರರಿಯ ಪಟ್ಟಿ ಉದ್ದ ಇರುವುದು ಸಹಜ. ನಾನು ನೋಡುವುದು ಬೇರೆ. ಕೊನೆಯ ಬಿಡುಗಡೆ ಯಾವಾಗ? ದೋಷ ಹೇಳಿದ ಮೇಲೆ ಎಷ್ಟು ದಿನಕ್ಕೆ ಸರಿಯಾಯಿತು? ಮಿತಿಗಳು ತಾನಾಗಿಯೇ ಆನ್ ಇವೆಯಾ, ನಾವೇ ಹಾಕಬೇಕಾ?

ಆವೃತ್ತಿ ನೋಡುವಾಗ ಒಂದು ಗೊಂದಲ ಆಗುತ್ತದೆ. ಉಬುಂಟು, ಡೆಬಿಯನ್‌ನಲ್ಲಿ ಬರುವ ಪ್ಯಾಕೇಜಿನ ನಂಬರು ಹಳೆಯದೇ ಇರುತ್ತದೆ, ಆದರೆ ಭದ್ರತೆಯ ತಿದ್ದುಪಡಿಯನ್ನು ಅದಕ್ಕೇ ತೇಪೆ ಹಾಕಿರುತ್ತಾರೆ. ನಂಬರು ನೋಡಿ ಹೆದರಬೇಡಿ, ಅವರ ಭದ್ರತಾ ಪುಟದಲ್ಲಿ ಸಿವಿಇ ನಂಬರು ಹಾಕಿ ನೋಡಿ. ಪೈಥಾನ್ ಲೈಬ್ರರಿ ಹಾಕುವ ಪಿಪ್‌ನಿಂದ ಹಾಕಿಕೊಂಡದ್ದಕ್ಕೆ ಈ ರಕ್ಷಣೆ ಇಲ್ಲ. ಅದಕ್ಕೆ ಗೊತ್ತಿರುವ ದೋಷ ಇದೆಯಾ ಅಂತ ನೋಡುವ ಪಿಪ್-ಆಡಿಟ್ ಓಡಿಸಬೇಕು. ನಾನು ಪ್ರತಿ ಸೋಮವಾರ ಓಡಿಸುತ್ತೇನೆ.

ಇನ್ನೊಂದು ಮನಸ್ಸಿಗೆ ಹತ್ತಿರದ ವಿಷಯ. "ಇದು ಬರೀ ಡಿನಯಲ್ ಆಫ್ ಸರ್ವಿಸ್, ಡೇಟಾ ಏನೂ ಹೋಗುವುದಿಲ್ಲ" ಅಂತ ತಳ್ಳಿಹಾಕುವವರು ಇದ್ದಾರೆ. ವಿಮೆಯ ಕೊನೆಯ ದಿನ ಸರ್ವರ್ ಮಲಗಿದರೆ ಒಬ್ಬ ಬೆಳೆಗಾರನ ವರ್ಷದ ರಕ್ಷಣೆ ಹೋಗುತ್ತದೆ. ಆ ವರ್ಷ ಅಡಿಕೆಗೆ ಕೊಳೆ ರೋಗ ಬಂದರೆ ಅವರ ಪಾಲಿಗೆ ಇದು ಬರೀ ಅಲ್ಲ. ಅದೇ ಹೊತ್ತಿಗೆ, ಈ ಲೈಬ್ರರಿಗಳನ್ನು ನೋಡಿಕೊಳ್ಳುವವರಲ್ಲಿ ಎಷ್ಟೋ ಜನ ಸಂಬಳ ಇಲ್ಲದೆ ರಾತ್ರಿ ಕೂತು ಮಾಡುವವರು. 2025ರಲ್ಲಿ ಲಿಬ್‌ಎಕ್ಸ್‌ಎಂಎಲ್2 ನೋಡಿಕೊಳ್ಳುತ್ತಿದ್ದವರು ಇನ್ನು ಮುಂದೆ ಭದ್ರತಾ ದೋಷಗಳನ್ನೂ ಬೇರೆ ದೋಷಗಳಂತೆಯೇ ನೋಡುತ್ತೇನೆ, ಗುಟ್ಟಾಗಿ ಇಟ್ಟು ಗಡುವಿನೊಳಗೆ ಮಾಡಿಕೊಡಲು ಆಗುವುದಿಲ್ಲ ಅಂದರು. ಜಗತ್ತಿನ ದೊಡ್ಡ ಕಂಪನಿಗಳೆಲ್ಲ ಬಳಸುವ ಲೈಬ್ರರಿ ಅದು. ಓದಿ ಬೇಸರವಾಯಿತು, ಅವರ ಮೇಲೆ ಅಲ್ಲ. ನಿಮ್ಮ ಬಳಿ ಲೈಬ್ರರಿಯನ್ನು ನಿಲ್ಲಿಸಿದ ಫೈಲು ಇದ್ದರೆ, ಅದರಲ್ಲಿ ಯಾರದ್ದೂ ಆಧಾರ್, ಖಾತೆ ನಂಬರು ಇಲ್ಲದಂತೆ ಚಿಕ್ಕದು ಮಾಡಿ, ಅವರಿಗೆ ಕಳಿಸಿ. ಅದು ಅವರ ಒಂದು ರಾತ್ರಿ ಉಳಿಸುತ್ತದೆ.

ಆರಿಸಿದ ಮೇಲೆ ಪರೀಕ್ಷೆ

ಆರಿಸಿದ ಲೈಬ್ರರಿಯನ್ನು ನೀವೇ ಕೆಡಿಸಿ ನೋಡಿ. ನಾನು ಮಳೆಗಾಲ ಶುರುವಾಗುವ ಮೊದಲು, ಮೇ ಕೊನೆಯಲ್ಲಿ ಮಾಡುತ್ತೇನೆ. ನನ್ನದೇ ಮನೆಯ ಕರೆಂಟ್ ಬಿಲ್ಲಿನ ಪಿಡಿಎಫ್ ತೆಗೆದುಕೊಂಡು ಹೆಡ್ ಕಮಾಂಡಿನಿಂದ ಕತ್ತರಿಸುತ್ತೇನೆ. ಮೊದಲ ಕಾಲು, ಅರ್ಧ, ಮುಕ್ಕಾಲು, ಕೊನೆಯ ನೂರು ಬೈಟ್ ಬಿಟ್ಟು ಉಳಿದದ್ದು. ಪಿಡಿಎಫ್‌ನಲ್ಲಿ ಯಾವ ತುಣುಕು ಎಲ್ಲಿದೆ ಅನ್ನುವ ಪಟ್ಟಿ ಸಾಮಾನ್ಯವಾಗಿ ಫೈಲಿನ ಬಾಲದಲ್ಲಿ ಇರುತ್ತದೆ. ಹಾಗಾಗಿ ಬಾಲ ಕತ್ತರಿಸಿದ ಫೈಲು ಲೈಬ್ರರಿಗೆ ನಿಜವಾದ ಪರೀಕ್ಷೆ. ಪಟ್ಟಿ ಸಿಗದೆ ಅದು ಮೊದಲಿನಿಂದ ತಡಕಾಡಲು ಶುರು ಮಾಡುತ್ತದೆ, ಸಿಕ್ಕಿಬೀಳುವುದು ಹೆಚ್ಚಾಗಿ ಅಲ್ಲೇ. ಆಮೇಲೆ ಬಿಲಿಯನ್ ಲಾಫ್ಸ್ ಫೈಲು, ಉಬ್ಬುವ ಜಿಪ್ಪು. ಎಲ್ಲವನ್ನೂ ಒಟ್ಟಿಗೆ ಕಳಿಸಿ, ಪಕ್ಕದಲ್ಲಿ ಸಿಪಿಯು, ಮೆಮೊರಿ ತೋರಿಸುವ ಟಾಪ್ ಕಮಾಂಡು ತೆರೆದಿಟ್ಟು ನೋಡುತ್ತೇನೆ. ಇಪ್ಪತ್ತು ಸೆಕೆಂಡಿಗೆ ಒಂದೊಂದೇ ಸಾಯಬೇಕು. ಅದೇ ಹೊತ್ತಿಗೆ ಇನ್ನೊಂದು ಟ್ಯಾಬಿನಲ್ಲಿ ಒಳ್ಳೆಯ ಅರ್ಜಿ ಒಂದು ಸಲೀಸಾಗಿ ಹೋಗಬೇಕು.

ಕೊನೆಗೆ ಫೈಲು ತಿರಸ್ಕಾರ ಆದಾಗ ಪರದೆಯ ಮೇಲೆ ಬರುವ ಮಾತು. ಮೊದಲು ಅಲ್ಲಿ "ಎರರ್ 500" ಅಂತ ಬರುತ್ತಿತ್ತು. ಈಗ ಹೀಗೆ ಬರುತ್ತದೆ: "ನಿಮ್ಮ ಫೈಲು ಪೂರ್ತಿ ಇದ್ದಂತೆ ಕಾಣುವುದಿಲ್ಲ. ಮೊಬೈಲಿನಲ್ಲಿ ತೆರೆದು ಎಲ್ಲ ಪುಟ ಕಾಣುತ್ತದೆಯಾ ನೋಡಿ. ಕಾಣದಿದ್ದರೆ ಸಿಗ್ನಲ್ ಚೆನ್ನಾಗಿರುವ ಕಡೆ ಇನ್ನೊಮ್ಮೆ ಇಳಿಸಿಕೊಂಡು ಕಳಿಸಿ. ಅರ್ಜಿಯ ಉಳಿದ ಭಾಗ ನಮ್ಮಲ್ಲಿ ಜೋಪಾನವಾಗಿದೆ." ಕೆಳಗೆ ಸಂಘದ ಫೋನ್ ನಂಬರು. ಕಳೆದ ಮಳೆಗಾಲದಲ್ಲಿ ಹಲವರು ಇದನ್ನು ಓದಿ, ಮತ್ತೆ ಇಳಿಸಿಕೊಂಡು, ಅದೇ ದಿನ ಅರ್ಜಿ ಮುಗಿಸಿದರು ಅಂತ ಕಾರ್ಯದರ್ಶಿಯವರು ಹೇಳಿದರು.